ಇಪ್ಪತ್ತು ಜನ ನಿಂತಿದ್ದೆವು, ಯಾರೂ ಕೈ ಹಾಕಲಿಲ್ಲ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರು. ಹೋದ ತಿಂಗಳು ಶಿವಮೊಗ್ಗದಿಂದ ಬೈಕಿನಲ್ಲಿ ಊರಿಗೆ ಹೋಗುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಹುಡುಗನೊಬ್ಬ ಬೈಕ್ ಜಾರಿ ಬಿದ್ದಿದ್ದ. ನಾನು ತಲುಪುವಷ್ಟರಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ತಲೆಯಿಂದ ರಕ್ತ, ನರಳುತ್ತಿದ್ದ. ಯಾರೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಇಬ್ಬರು ವಿಡಿಯೋ ಮಾಡುತ್ತಿದ್ದರು. ಏಳೆಂಟು ನಿಮಿಷ ಹಾಗೇ ಕಳೆಯಿತು. ಆಮೇಲೆ ಅಡಿಕೆ ಮೂಟೆ ಹೇರಿದ್ದ ಪಿಕಪ್ ಗಾಡಿಯೊಂದು ಬಂತು. ಚಾಲಕ ಇಳಿದವನೇ ನನ್ನ ಕಡೆ ಕೈ ತೋರಿಸಿ, 'ಏಯ್ ಕನ್ನಡಕ, ಕಾಲು ಹಿಡಿ ಬಾ' ಅಂದ. ಹೋಗಿ ಹಿಡಿದೆ. ಹುಡುಗ ಬದುಕಿಕೊಂಡ. ಆದರೆ ನನಗೆ ನಿದ್ದೆ ಬರುತ್ತಿಲ್ಲ. ಮಕ್ಕಳಿಗೆ ಪರೋಪಕಾರದ ಪಾಠ ಹೇಳುವವನು ನಾನು. ನನ್ನ ಹೃದಯ ಕಲ್ಲಾ? ಮಲೆನಾಡಿನ ಜನ ಹೀಗಿರಲಿಲ್ಲವಲ್ಲ, ನಮಗೆ ಏನಾಗಿದೆ? ಆ ಹುಡುಗನ ಮನೆಗೆ ಒಮ್ಮೆ ಹೋಗಿಬರಬೇಕು ಅನ್ನಿಸುತ್ತದೆ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಉತ್ತರ: ಮೇಷ್ಟ್ರೇ, ಮನೆಗೆ ಹೋಗುವ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮೊದಲು ನೀವೇ ಬರೆದು, ನೀವೇ ಗಮನಿಸದೆ ದಾಟಿಹೋದ ಒಂದು ವಾಕ್ಯವನ್ನು ಹಿಡಿದುಕೊಳ್ಳೋಣ. 'ಕಾಲು ಹಿಡಿ ಬಾ ಅಂದ, ಹೋಗಿ ಹಿಡಿದೆ.' ಎಷ್ಟು ಹೊತ್ತು ಯೋಚನೆ ಮಾಡಿದಿರಿ? ಒಂದು ಕ್ಷಣವೂ ಇಲ್ಲ, ಅಲ್ವಾ? ಏಳೆಂಟು ನಿಮಿಷ ಬೇರು ಬಿಟ್ಟ ಹಾಗೆ ನಿಂತಿದ್ದ ಕಾಲು ಒಂದು ಮಾತಿಗೆ ನಡೆದುಬಿಟ್ಟಿತು. ಪೊಲೀಸರ ಭಯ, ರಕ್ತದ ಹೆದರಿಕೆ, ಏನಾದರೂ ಹೆಚ್ಚುಕಮ್ಮಿ ಆದರೆ ಅನ್ನುವ ಅಳುಕು, ಇವೆಲ್ಲ ಆಗಲೂ ಇದ್ದವು. ನೀವೂ ಅದೇ ಮನುಷ್ಯ. ಬದಲಾಗಿದ್ದು ಒಂದೇ. ಅಲ್ಲಿಯವರೆಗೆ ಅದು ಇಪ್ಪತ್ತು ಜನರ ಕೆಲಸವಾಗಿತ್ತು, ಆ ಮಾತು ಬಿದ್ದ ಕೂಡಲೇ ನಿಮ್ಮ ಕೆಲಸವಾಯಿತು.

ನಾನು ಮನಃಶಾಸ್ತ್ರ ಪಾಠ ಮಾಡುವವನು. ಈ ವಿಷಯವನ್ನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಕಲ್ಲು ಹೃದಯದವರ ಬಗ್ಗೆ ಅಂತ ಶುರುವಾದ ಸಂಶೋಧನೆ ಕೊನೆಗೆ ಬೇರೆಯೇ ಕಡೆ ಹೋಗಿ ನಿಂತಿತು, ಅದನ್ನು ನಿಮಗೆ ಹೇಳಬೇಕು.

1964ರ ಮಾರ್ಚ್ 13ರ ಬೆಳಗಿನ ಜಾವ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜೆನೊವೀಸ್ ಅನ್ನುವ 28 ವರ್ಷದ ಹೆಣ್ಣುಮಗಳ ಕೊಲೆ ಆಯಿತು. ಅವಳು ಕೂಗಿಕೊಂಡಿದ್ದಳು. 38 ಜನ ಕಿಟಕಿಯಿಂದ ನೋಡುತ್ತಿದ್ದರು, ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಅಂತ ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು. ದೇಶವೆಲ್ಲ ನಗರದ ಜನರನ್ನು ಶಪಿಸಿತು. ಆ ಸುದ್ದಿ ಪೂರ್ತಿ ನಿಜ ಅಲ್ಲ ಅನ್ನುವುದು ಆಮೇಲೆ ತಿಳಿದ ವಿಷಯ. ಹೆಚ್ಚಿನವರು ಏನೋ ಸದ್ದು ಕೇಳಿದವರೇ ಹೊರತು ಕೊಲೆ ನೋಡಿದವರಲ್ಲ. ಒಬ್ಬ ಕಿಟಕಿ ತೆಗೆದು ಅವಳನ್ನು ಬಿಡು ಅಂತ ಕೂಗಿದ್ದ, ಕೊಲೆಗಾರ ಆಗ ಓಡಿಯೂ ಹೋಗಿದ್ದ, ಮತ್ತೆ ಬಂದ. ಪಕ್ಕದ ಮನೆಯ ಹೆಂಗಸೊಬ್ಬರು ಕೆಳಗೆ ಓಡಿಬಂದು ಅವಳನ್ನು ತೋಳಿನಲ್ಲಿ ಹಿಡಿದುಕೊಂಡು ಕೂತಿದ್ದರು. ಆ ಕಾಲಕ್ಕೆ ಅಮೆರಿಕದಲ್ಲಿ 911 ಅನ್ನುವ ತುರ್ತು ನಂಬರ್ ಕೂಡ ಇರಲಿಲ್ಲ, ಅದು ಬಂದದ್ದು 1968ರಲ್ಲಿ. ಇದೆಲ್ಲ ಯಾಕೆ ಹೇಳಿದೆ ಅಂದರೆ, ಜನ ಕೆಟ್ಟುಹೋದರು ಅನ್ನುವ ಕಥೆ ಬಹಳ ಬೇಗ ಹರಡುತ್ತದೆ. ಓಡಿಬಂದು ತೊಡೆಯ ಮೇಲೆ ತಲೆ ಇಟ್ಟುಕೊಂಡವರ ಕಥೆಗೆ ಹೊರಗೆ ಬರಲು ವರ್ಷಗಟ್ಟಲೆ ಬೇಕಾಯಿತು.

ಆ ಸುದ್ದಿ ಓದಿದ ಇಬ್ಬರು ಸಂಶೋಧಕರು, ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ, ಬೇರೆ ಥರ ಯೋಚನೆ ಮಾಡಿದರು. ಅಷ್ಟು ಜನ ಇದ್ದರೂ ಯಾಕೆ ಸಹಾಯ ಬರಲಿಲ್ಲ ಅಂತ ಎಲ್ಲರೂ ಕೇಳುತ್ತಿದ್ದಾಗ, ಅಷ್ಟು ಜನ ಇದ್ದದ್ದೇ ಕಾರಣ ಇರಬಹುದಾ ಅಂತ ಅವರು ಕೇಳಿದರು. 1968ರಲ್ಲಿ ಪ್ರಕಟವಾದ ಅವರ ಪ್ರಯೋಗ ಹೀಗಿತ್ತು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಮ್‌ನಲ್ಲಿ ಕಾಲೇಜು ಜೀವನದ ಕಷ್ಟಸುಖ ಮಾತಾಡಿ ಅಂದರು. ಒಬ್ಬ ತನಗೆ ಆಗಾಗ ಮೂರ್ಛೆ ಬರುತ್ತದೆ ಅಂತ ಮೊದಲೇ ಹೇಳಿಕೊಂಡಿದ್ದ. ಸ್ವಲ್ಪ ಹೊತ್ತಿಗೆ ಅವನ ಮಾತು ತೊದಲತೊಡಗುತ್ತದೆ, ಸಹಾಯ ಮಾಡಿ ಅನ್ನುತ್ತಾನೆ, ಉಸಿರು ಕಟ್ಟಿದ ಸದ್ದು ಬರುತ್ತದೆ. ನಿಜಕ್ಕೂ ಅದು ಮೊದಲೇ ರೆಕಾರ್ಡ್ ಮಾಡಿದ ದನಿ, ಕೇಳುವವರಿಗೆ ಅದು ಗೊತ್ತಿಲ್ಲ. ಇದನ್ನು ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಜನ ಆ ದನಿ ನಿಲ್ಲುವ ಮೊದಲೇ ಎದ್ದು ಹೊರಗೆ ಓಡಿದರು. ಇನ್ನೊಬ್ಬ ಕೂಡ ಕೇಳುತ್ತಿದ್ದಾನೆ ಅಂದುಕೊಂಡಾಗ 62. ಇನ್ನೂ ನಾಲ್ಕು ಜನ ಇದ್ದಾರೆ ಅಂದುಕೊಂಡಾಗ 31.

ಸಂಖ್ಯೆಗಿಂತ ಜಾಸ್ತಿ ನನ್ನ ಮನಸ್ಸಿನಲ್ಲಿ ನಿಂತದ್ದು ಆ ವರದಿಯ ಇನ್ನೊಂದು ಮಾತು. ಏಳದೆ ಕೂತೇ ಇದ್ದವರ ಕೋಣೆಗೆ ಸಂಶೋಧಕರು ಹೋದಾಗ ಅವರೇನು ಆರಾಮಾಗಿ ಕೂತಿರಲಿಲ್ಲ. ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು, ಅವನಿಗೆ ಏನೂ ಆಗಿಲ್ಲ ತಾನೆ ಅಂತ ಅವರೇ ಕೇಳುತ್ತಿದ್ದರು. ಸಹಾಯಕ್ಕೆ ಎದ್ದವರಿಗಿಂತ ಏಳದವರೇ ಹೆಚ್ಚು ಕಂಗೆಟ್ಟಿದ್ದರು. ಮಾಡುವುದೋ ಬೇಡವೋ ಅನ್ನುವುದರ ನಡುವೆ ಸಿಕ್ಕಿಹಾಕಿಕೊಂಡಿದ್ದರು. ಬೇಡ ಅಂತ ತೀರ್ಮಾನ ಮಾಡಿ ಕೂತವರಲ್ಲ, ತೀರ್ಮಾನವೇ ಆಗದೆ ಕೂತವರು. ಮೇಷ್ಟ್ರೇ, ಆ ತಿರುವಿನಲ್ಲಿ ನಿಮ್ಮ ಕೈಯೂ ನಡುಗುತ್ತಿತ್ತು ಅಂತ ನನಗನ್ನಿಸುತ್ತದೆ. ನೀವು ಬರೆದಿಲ್ಲ, ಆದರೆ ಒಂದು ತಿಂಗಳು ನಿದ್ದೆ ಬರದವನ ಕೈ ಆ ದಿನ ಸುಮ್ನೆ ಇದ್ದಿರಲಾರದು.

ಇನ್ನು ಮಲೆನಾಡಿನ ಜನ ಮೊದಲು ಹೀಗಿರಲಿಲ್ಲ ಅನ್ನುವ ಮಾತು. ನಾನು ಹೊಸನಗರ ಕಡೆಯ ಒಂಟಿಮನೆಯಲ್ಲಿ ಹುಟ್ಟಿ ಬೆಳೆದವನು. ನಮ್ಮಲ್ಲಿ ಮನೆಗಳು ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ಅಂಟಿಕೊಂಡಿಲ್ಲ ಅನ್ನುವುದು ನಿಮಗೇ ಗೊತ್ತು. ಒಂದು ತೋಟ, ಒಂದು ಮನೆ. ಎರಡು ಗದ್ದೆ, ಒಂದು ಹಳ್ಳ ದಾಟಿದರೆ ಇನ್ನೊಂದು ಮನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಆಷಾಢದ ರಾತ್ರಿ ನಮ್ಮ ದೊಡ್ಡಪ್ಪ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆ ಮುರಿದುಕೊಂಡರು. ಮನೆಯಲ್ಲಿ ಹೆಂಗಸರು, ಮಕ್ಕಳು ಮಾತ್ರ. ಅಮ್ಮ ಅಂಗಳದ ತುದಿಗೆ ಹೋಗಿ, ಮಳೆಯಲ್ಲಿ ನೆನೆಯುತ್ತಾ, ಬಾಯಿಗೆ ಎರಡೂ ಕೈ ಕೊಟ್ಟು ಕೂ ಹಾಕಿದರು. ಮೂರು ಸಲ. ನಾಲ್ಕನೆಯದಕ್ಕೆ ಹಳ್ಳದ ಆಚೆಯಿಂದ 'ಓ' ಅಂತ ಬಂತು. ಸ್ವಲ್ಪ ಹೊತ್ತಿಗೆ ಗದ್ದೆ ಅಂಚಿನ ಮೇಲೆ ಟಾರ್ಚ್ ಬೆಳಕು ಕುಣಿಯುತ್ತಾ ಬರುವುದು ಕಂಡಿತು. ಆಚೆಮನೆಯವರು ಮತ್ತು ಅವರ ಮಗ, ತಲೆ ಮೇಲೆ ಕಂಬಳಿಕೊಪ್ಪೆ. ಅದೇ ಕಂಬಳಿಯನ್ನು ಬಿದಿರಿನ ಗಳಕ್ಕೆ ಜೋಲಿ ಕಟ್ಟಿ ದೊಡ್ಡಪ್ಪನನ್ನು ರಸ್ತೆಯವರೆಗೆ ಹೊತ್ತರು. ಹಳ್ಳ ತುಂಬಿತ್ತು, ಕಾಲುಸಂಕ ಅಂದರೆ ಎರಡು ಅಡಿಕೆ ಮರದ ದಬ್ಬೆ ಅಷ್ಟೆ. ಅದರ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತಾ ದಾಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆ ಆಚೆಮನೆಯವರಿಗೂ ನಮ್ಮ ಮನೆಗೂ ಬೇಲಿಯ ವಿಷಯಕ್ಕೆ ಎರಡು ವರ್ಷದಿಂದ ಮಾತಿರಲಿಲ್ಲ. ದೊಡ್ಡವನಾದ ಮೇಲೆ ಒಮ್ಮೆ ಅವರನ್ನೇ ಕೇಳಿದೆ, ಅವತ್ತು ಹೇಗೆ ಬಂದಿರಿ ಅಂತ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. 'ಕೂ ಕೇಳಿದ್ದು ನಮ್ಮನೆಗೆ ಮಾರಾಯ. ನಾವು ಹೋಗದಿದ್ರೆ ಇನ್ಯಾರು ಹೋಗ್ತಾರೆ?' ಅಂದರು.

ಮೂರ್ಛೆಯ ಪ್ರಯೋಗದಲ್ಲಿ ಒಬ್ಬನೇ ಇದ್ದೇನೆ ಅಂದುಕೊಂಡು ಓಡಿದ ನೂರಕ್ಕೆ 85 ಜನರ ಮನಸ್ಸಿನಲ್ಲಿದ್ದ ಮಾತೂ ಇದೇ ಅಂತ ನಾನು ನಂಬಿದ್ದೇನೆ. ನಮ್ಮ ಹಿರಿಯರು ನಮಗಿಂತ ದೊಡ್ಡ ಮನಸ್ಸಿನವರು ಅಂತ ಹೇಳಲು ನನಗೆ ಇಷ್ಟ. ಆದರೆ ಅದಕ್ಕಿಂತ ನಿಜವಾದ ಮಾತು, ಒಂಟಿಮನೆಯ ಕೂಗು ನೇರ ಒಬ್ಬರ ಬಾಗಿಲಿಗೆ ಬರುತ್ತಿತ್ತು. ಬೇರೆ ಯಾರಾದರೂ ಹೋಗುತ್ತಾರೆ ಅಂತ ಮಗ್ಗುಲು ಬದಲಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಅದೇ ಆಚೆಮನೆಯವರನ್ನು ಶಿವಮೊಗ್ಗದ ಗೋಪಿ ಸರ್ಕಲ್‌ನಲ್ಲಿ ಸಂಜೆ ಆರು ಗಂಟೆಗೆ ನಿಲ್ಲಿಸಿ, ಎದುರಿಗೆ ಒಬ್ಬ ಬಿದ್ದಿದ್ದರೆ, ಅವರೂ ನಿಮ್ಮ ಹಾಗೆ ಒಂದಷ್ಟು ಹೊತ್ತು ನಿಂತು ನೋಡುತ್ತಿದ್ದರು. ನನಗೆ ಅದರಲ್ಲಿ ಅನುಮಾನ ಇಲ್ಲ.

ಯಾರೂ ಕೈ ಹಾಕದಿರಲು ಇನ್ನೊಂದು ಕಾರಣ ಮುಖ. ನಿಮ್ಮ ಸುತ್ತ ನಿಂತಿದ್ದವರ ಮುಖ. ಅಡಿಕೆ ಕೊಯ್ಲಿನ ಕಾಲದಲ್ಲಿ ಊರಲ್ಲಿ ಎಲ್ಲಿ ನೋಡಿದರೂ ಹೊಗೆ ಇರುತ್ತದೆ, ಅಡಿಕೆ ಬೇಯಿಸುವ ಒಲೆ, ಬಚ್ಚಲ ಒಲೆ, ತರಗೆಲೆ ಸುಡುವುದು. ಒಂದು ಕಡೆ ಹೊಗೆ ಸ್ವಲ್ಪ ಜಾಸ್ತಿ ಎದ್ದರೆ ನಾವು ಮೊದಲು ಮಾಡುವುದು ಏನು? ಪಕ್ಕದವನ ಮುಖ ನೋಡುತ್ತೇವೆ. ಅವನು ಸುಮ್ನಿದ್ದರೆ, ಓ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಅವನೂ ನಮ್ಮ ಮುಖ ನೋಡಿ ಹಾಗೇ ಅಂದುಕೊಂಡಿರುತ್ತಾನೆ. ಲಟಾನೆ ಮತ್ತು ಡಾರ್ಲಿ ಇದನ್ನೂ ಪರೀಕ್ಷೆ ಮಾಡಿದ್ದರು. ಕೋಣೆಯಲ್ಲಿ ಕೂತು ಪ್ರಶ್ನೆಪತ್ರ ತುಂಬಿಸುತ್ತಿದ್ದವರ ಕಡೆ ಗೋಡೆಯ ಸಂದಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ ನೂರಕ್ಕೆ 75 ಜನ ಎದ್ದುಹೋಗಿ ಹೇಳಿದರು. ಏನೂ ಆಗಿಲ್ಲ ಅನ್ನುವ ಹಾಗೆ ನಟಿಸುವ ಇಬ್ಬರನ್ನು ಪಕ್ಕದಲ್ಲಿ ಕೂರಿಸಿದಾಗ ಎದ್ದವರು 10 ಜನಕ್ಕೆ ಒಬ್ಬರು. ಉಳಿದವರು ಕೆಮ್ಮುತ್ತಾ, ಕಣ್ಣುಜ್ಜಿಕೊಳ್ಳುತ್ತಾ, ಕೈಯಲ್ಲಿ ಹೊಗೆ ಬೀಸಿಕೊಳ್ಳುತ್ತಾ ಬರೆಯುತ್ತಲೇ ಇದ್ದರು! ಅದು ಅವರದೇ ಜೀವಕ್ಕೆ ಬರಬಹುದಾದ ಅಪಾಯ. ಬೇರೆಯವರ ಮೇಲಿನ ಪ್ರೀತಿ ಕಡಿಮೆಯಾಗಿದ್ದರಿಂದ ಹೀಗಾಯಿತು ಅಂತ ಇಲ್ಲಿ ಹೇಳಲು ಆಗುವುದೇ ಇಲ್ಲ.

ಅದಕ್ಕೇ ಅಪಾಯ ಕಣ್ಣಿಗೆ ಹೊಡೆದ ಹಾಗೆ ಕಂಡಾಗ ಜನ ಬೇರೆಯೇ ಥರ ಇರುತ್ತಾರೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತಲ್ಲ, ಆಗ ಪಕ್ಕದವರ ಮುಖ ನೋಡಿ ತಿಳಿದುಕೊಳ್ಳಬೇಕಾದ್ದು ಏನೂ ಇರಲಿಲ್ಲ. ನೀರು ಹೊಸ್ತಿಲಲ್ಲೇ ಇತ್ತು. ಮುದುಕರನ್ನು ಬೆನ್ನಿಗೆ ಹಾಕಿಕೊಂಡು ಹೊರಟವರು ಅಕ್ಕಪಕ್ಕದ ಹುಡುಗರೇ. ಭೂಕಂಪ, ನೆರೆ, ಭೂಕುಸಿತ, ಎಲ್ಲಿ ನೋಡಿದರೂ ಮೊದಲು ಕೈ ಹಾಕುವವರು ನೆರೆಹೊರೆಯವರು ಅನ್ನುವುದು ದಶಕಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಕಂಡಿದೆ. ಬೀದಿಯಲ್ಲೂ ಅಷ್ಟೆ. ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಮ್ ಮತ್ತು ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ದಾಖಲಾದ 219 ಜಗಳಗಳನ್ನು ಸಂಶೋಧಕರು ಕೂತು ನೋಡಿದರು. ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಒಬ್ಬರು ಮುಂದೆ ಬರುವ ಸಾಧ್ಯತೆಯೂ ಜಾಸ್ತಿ ಇತ್ತು. ಆ ಕೊಲೆಯ ಸುದ್ದಿ ಓದಿ ಮನುಷ್ಯರ ಮೇಲೆ ನಂಬಿಕೆ ಕಳೆದುಕೊಂಡವರು ಇದನ್ನೂ ಓದಬೇಕು.

ಗೊಂದಲ ಇರುವ ಕಡೆಯೇ ಕಷ್ಟ. ನನ್ನದೇ ಒಂದು ಕಥೆ ಹೇಳುತ್ತೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ಶಿವಮೊಗ್ಗದ ಬಸ್‌ಸ್ಟ್ಯಾಂಡ್‌ನಲ್ಲಿ ರಾತ್ರಿ ಕೊನೆ ಬಸ್ಸಿಗೆ ಓಡುತ್ತಿದ್ದೆ. ಕಂಬದ ಹತ್ತಿರ ವಯಸ್ಸಾದವರೊಬ್ಬರು ತೂರಾಡುತ್ತಾ ಕೆಳಗೆ ಕೂತರು. ಪಂಚೆ ಸಡಿಲಾಗಿತ್ತು, ಮಾತು ತೊದಲುತ್ತಿತ್ತು, ಮೈಯೆಲ್ಲ ಬೆವರು. ಕುಡಿದಿದ್ದಾರೆ ಅಂದುಕೊಂಡೆ. ನನ್ನ ಮುಂದೆ ಹೋದವರೂ ಹಾಗೇ ಅಂದುಕೊಂಡು ಹೋಗಿದ್ದರು. ಬಸ್ ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ನೋಡಿದೆ. ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಪಕ್ಕಕ್ಕಿಟ್ಟು ಅವರ ಅಂಗಿ ಜೇಬು ತಡಕಿದಳು. ಒಂದು ಚೀಟಿ, ಮಾತ್ರೆಯ ಪಟ್ಟಿ ಸಿಕ್ಕಿತು. ಅವಳು ಎದುರು ಅಂಗಡಿಯವನಿಗೆ, 'ಅಣ್ಣಾ, ಸಕ್ಕರೆ ಕಾಯಿಲೆ ಅಜ್ಜ ಕಣೋ, ಒಂದು ಲೋಟ ಸಕ್ಕರೆ ನೀರು ಕೊಡು' ಅಂತ ಕೂಗಿದ್ದು ನನಗೆ ಕೇಳಿಸಿತು. ಅಜ್ಜನ ತಲೆ ಎತ್ತಿ ಹಿಡಿದು ಲೋಟ ತುಟಿಗೆ ಇಟ್ಟಳು, ಅವರು ಗುಟುಕು ಗುಟುಕಾಗಿ ನುಂಗುತ್ತಿದ್ದರು. ಅಷ್ಟರಲ್ಲಿ ಬಸ್ ಹೊರಟಿತು. ರಕ್ತದಲ್ಲಿ ಸಕ್ಕರೆ ಇಳಿದರೆ ಮನುಷ್ಯ ಕುಡಿದವನ ಹಾಗೇ ಕಾಣುತ್ತಾನೆ, ಅದು ನನಗೆ ಪುಸ್ತಕದಿಂದ ಚೆನ್ನಾಗಿ ಗೊತ್ತಿತ್ತು. ಅವಳಿಗೆ ಬಹುಶಃ ಮನೆಯಿಂದ ಗೊತ್ತಿತ್ತು.

ಆ ರಾತ್ರಿ ನನ್ನನ್ನು ತಡೆದದ್ದು ಎರಡು, ಕುಡಿದಿದ್ದಾರೆ ಅನ್ನುವ ಅನುಮಾನ ಮತ್ತು ಬಸ್ಸಿನ ಅವಸರ. ಎರಡಕ್ಕೂ ಪ್ರಯೋಗದ ಆಧಾರ ಇದೆ. 1969ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಒಬ್ಬ ಕುಸಿದು ಬೀಳುವ ಹಾಗೆ ನಟಿಸಿದ. ಕೈಯಲ್ಲಿ ಊರುಗೋಲು ಇದ್ದಾಗ ನೂರಕ್ಕೆ 95 ಸಲ ಜನ ತಾವಾಗಿಯೇ ಎತ್ತಿದರು. ಹೆಂಡದ ವಾಸನೆ ಬರುತ್ತಿದ್ದಾಗ 50 ಸಲ. ಇನ್ನು ಅವಸರ. 1973ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಇನ್ನೊಬ್ಬ ಸಂಶೋಧಕ ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಭಾಷಣ ಮಾಡಿ ಅಂತ ಕಳಿಸಿದರು. ಕೆಲವರಿಗೆ ಕೊಟ್ಟ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಕಥೆ. ದಾರಿಯಲ್ಲಿ ಒಬ್ಬ ನರಳುತ್ತಾ ಬಾಗಿಲ ಹತ್ತಿರ ಕುಸಿದು ಕೂತಿದ್ದ. ಸಮಯ ಇದ್ದವರಲ್ಲಿ ನೂರಕ್ಕೆ 63 ಜನ ನಿಂತು ವಿಚಾರಿಸಿದರು. ತಡವಾಯಿತು, ಓಡಿ ಅಂತ ಹೇಳಿಸಿಕೊಂಡವರಲ್ಲಿ 10. ಯಾವ ವಿಷಯದ ಮೇಲೆ ಮಾತಾಡಲು ಹೋಗುತ್ತಿದ್ದರು ಅನ್ನುವುದರಿಂದ ಹೇಳಿಕೊಳ್ಳುವ ವ್ಯತ್ಯಾಸ ಏನೂ ಆಗಲಿಲ್ಲ. ಪರೋಪಕಾರದ ಪಾಠ ಮಾಡುವವನು ನಾನು ಅಂತ ನೀವು ಬರೆದಿದ್ದೀರಿ. ಅವಸರದ ಕಾಲಿಗೆ ಪಾಠ ಸಾಕಾಗುವುದಿಲ್ಲ ಮೇಷ್ಟ್ರೇ. ನಮ್ಮ ಕಡೆ ಕೊನೆ ಬಸ್ ತಪ್ಪಿತು ಅಂದರೆ ರಾತ್ರಿಯೆಲ್ಲ ಪೇಟೆಯಲ್ಲೇ. ಓಡುವವನ ಕಣ್ಣಿಗೆ ಬಸ್ಸಿನ ಬೋರ್ಡ್ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ.

ಗೊಂದಲದ ಇನ್ನೊಂದು ರೂಪ ಇದಕ್ಕಿಂತ ಕೆಟ್ಟದ್ದು. ಗಂಡ ಹೆಂಡತಿಗೆ ಹೊಡೆಯುವ ಸದ್ದು ಪಕ್ಕದ ಮನೆಗೆ ಕೇಳುತ್ತದೆ, 'ಅವರ ಮನೆ ವಿಷಯ, ನಮಗ್ಯಾಕೆ' ಅಂತ ಟಿವಿ ಸದ್ದು ಜಾಸ್ತಿ ಮಾಡುತ್ತೇವೆ. 1976ರ ಒಂದು ಪ್ರಯೋಗದಲ್ಲಿ ಗಂಡಸೊಬ್ಬ ಹೆಂಗಸಿನ ಮೇಲೆ ಕೈ ಮಾಡುವ ದೃಶ್ಯವನ್ನು ಜನರ ಮುಂದೆ ಆಡಿ ತೋರಿಸಿದರು. 'ನೀನು ಯಾರೋ ನನಗೆ ಗೊತ್ತಿಲ್ಲ' ಅಂತ ಅವಳು ಕೂಗಿದಾಗ ನೂರಕ್ಕೆ 65 ಜನ ತಡೆಯಲು ಬಂದರು. 'ನಿನ್ನನ್ನು ಯಾಕಾದರೂ ಮದುವೆಯಾದೆನೋ' ಅಂತ ಕೂಗಿದಾಗ 19. ಏಟು ಅದೇ, ಕೂಗು ಅದೇ. ಮದುವೆ ಅನ್ನುವ ಒಂದು ಮಾತು ಬಂದದ್ದಕ್ಕೆ ಅಷ್ಟು ಜನ ಹಿಂದೆ ಸರಿದರು. ಇದನ್ನು ಪ್ರತಿ ಸಲ ಹೇಳುವಾಗಲೂ ನನಗೆ ಸಿಟ್ಟು ಬರುತ್ತದೆ. 2008ರಲ್ಲಿ 'ಬೆಲ್ ಬಜಾವೋ' ಅಂತ ಒಂದು ಪ್ರಚಾರ ಶುರುವಾಗಿತ್ತು. ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಏನಾದರೂ ಸಣ್ಣ ನೆಪ ಹೇಳಿ, ಅಷ್ಟೆ. ನಮ್ಮ ಕಡೆಯಾದರೆ 'ಹೆಪ್ಪಿಗೆ ಒಂಚೂರು ಮೊಸರಿದ್ಯಾ' ಅಂತ ಬಾಗಿಲು ಬಡಿಯಬಹುದು. ಹೊರಗೆ ಕೇಳುತ್ತಿದೆ ಅಂತ ಗೊತ್ತಾದರೆ ಎಷ್ಟೋ ಸಲ ಆ ಹೊತ್ತಿಗೆ ಕೈ ನಿಲ್ಲುತ್ತದೆ. ಬಾಗಿಲು ಬಡಿಯಲು ಹೆದರಿಕೆಯಾದರೆ 112 ಇದೆ, ಮಹಿಳಾ ಸಹಾಯವಾಣಿ 181 ಇದೆ.

ವಿಡಿಯೋ ಮಾಡುತ್ತಿದ್ದ ಇಬ್ಬರ ಬಗ್ಗೆ ನಿಮಗೆ ಕೋಪ ಇದೆ, ಸಹಜ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ 18 ವರ್ಷದ ಹುಡುಗ ಬಸ್ಸಿಗೆ ಸಿಕ್ಕಿ ರಸ್ತೆಯಲ್ಲಿ ರಕ್ತದಲ್ಲಿ ಬಿದ್ದು ಸಹಾಯ ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲ್ ಹಿಡಿದಿದ್ದರು. ಆ ಹುಡುಗ ಉಳಿಯಲಿಲ್ಲ. ಫೋನ್ ಹಿಡಿದವನಿಗೆ ತಾನೂ ಏನೋ ಮಾಡುತ್ತಿದ್ದೇನೆ ಅನ್ನುವ ಭಾವನೆ ಬಂದುಬಿಡುತ್ತದೆ ಅಂತ ನನ್ನ ಅಂದಾಜು. ಖಾಲಿ ಕೈಗೆ ಒಂದು ಕೆಲಸ ಸಿಕ್ಕಿತು. ಅವನನ್ನು ಬೈಯುತ್ತಾ ನಿಂತರೆ ಹೊತ್ತು ಹೋಗುತ್ತದೆ. 'ವಿಡಿಯೋ ಸಾಕು, ಅದರಲ್ಲೇ 108ಕ್ಕೆ ಫೋನ್ ಮಾಡು, ಮಂಡಗದ್ದೆ ದಾಟಿ ಇಷ್ಟನೇ ಕಿಲೋಮೀಟರ್ ಕಲ್ಲು ಅಂತ ಹೇಳು' ಅಂದರೆ ಹತ್ತರಲ್ಲಿ ಎಂಟು ಜನ ಮಾಡುತ್ತಾರೆ ಅಂತ ನನಗೆ ನಂಬಿಕೆ ಇದೆ.

ಪೊಲೀಸ್, ಕೋರ್ಟು, ಆಸ್ಪತ್ರೆಯ ಭಯ ಮಾತ್ರ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಸೇರಿಸಿದವನೇ ಗುದ್ದಿದವನು ಅನ್ನುವ ಹಾಗೆ ನಡೆಸಿಕೊಂಡದ್ದು ಇದೆ, ರಾತ್ರಿಯೆಲ್ಲ ಸ್ಟೇಷನ್ನಿನಲ್ಲಿ ಕೂರಿಸಿದ್ದು ಇದೆ. ಈಗ ಕಾನೂನು ನಿಮ್ಮ ಪಕ್ಷದಲ್ಲಿದೆ, ಅದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಿ. ಗಾಯಾಳು ಬಂದರೆ ಸರ್ಕಾರಿ ಇರಲಿ ಖಾಸಗಿ ಇರಲಿ, ವೈದ್ಯರು ಮೊದಲು ಜೀವ ಉಳಿಸಬೇಕು, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ನೆರವಾದವರ ರಕ್ಷಣೆಗೆ ಕೇಂದ್ರ ಸರ್ಕಾರ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಗೆ 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ನಮ್ಮ ಕರ್ನಾಟಕ 2016ರಲ್ಲಿ ಇದಕ್ಕೇ ಒಂದು ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಎತ್ತಲು ಹೋದವರ ಕೈಯಲ್ಲಿ ಗಾಯಾಳುವಿಗೆ ಏನಾದರೂ ಆದರೂ ಅವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಕೇಸ್ ಹಾಕುವಂತಿಲ್ಲ. ಹೆಸರು, ವಿಳಾಸ, ಫೋನ್ ನಂಬರ್ ಕೊಡಿ ಅಂತ ಒತ್ತಾಯ ಮಾಡುವಂತಿಲ್ಲ. ಸಾಕ್ಷಿಯಾಗುವುದು ನಿಮಗೆ ಬಿಟ್ಟದ್ದು. ಯಾರಾದರೂ ತಡೆದರೆ 134ಎ ಅಂತ ಬಾಯಿಬಿಟ್ಟು ಹೇಳಿ. ಆ ಮೂರು ಅಂಕಿ ಒಂದು ಅಕ್ಷರ ಬಾಯಿಗೆ ಬಂದರೆ ಎದುರಿಗಿರುವವರ ದನಿ ಇಳಿಯುತ್ತದೆ.

ಮುಂದಿನ ಸಲಕ್ಕೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಯಾಕೆಂದರೆ ಇದನ್ನು ತಿಳಿದುಕೊಂಡರೇ ಅರ್ಧ ಕೆಲಸ ಆಗುತ್ತದೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗುಂಪಿನಲ್ಲಿ ಮನುಷ್ಯ ಯಾಕೆ ಸುಮ್ಮನಾಗುತ್ತಾನೆ ಅಂತ ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ನೂರಕ್ಕೆ 43 ಜನ, ಎರಡು ವಾರ ಕಳೆದ ಮೇಲೆ, ಬಿದ್ದವನೊಬ್ಬನನ್ನು ಕಂಡು ನೆರವಿಗೆ ನಿಂತರು. ಆ ಪಾಠ ಕೇಳದವರಲ್ಲಿ 25. ಒಳ್ಳೆಯವರಾಗಿ ಅನ್ನುವ ಉಪದೇಶ ಅಲ್ಲಿ ಇರಲಿಲ್ಲ. ನಿಲ್ಲಿಸುವುದು ಏನು ಅಂತ ಹೇಳಿದ್ದರು ಅಷ್ಟೆ.

ಪಿಕಪ್ ಚಾಲಕ ಮಾಡಿದ್ದನ್ನೇ ನೀವು ಮಾಡಿ. 'ಯಾರಾದರೂ ಫೋನ್ ಮಾಡ್ರಪ್ಪಾ' ಅನ್ನಬೇಡಿ, ಆ 'ಯಾರಾದರೂ' ಅಲ್ಲಿ ಇರುವುದೇ ಇಲ್ಲ. ಬೆರಳು ತೋರಿಸಿ. ನೀಲಿ ಅಂಗಿ, ನೀವು 108ಕ್ಕೆ ಫೋನ್ ಮಾಡಿ. ಹೆಲ್ಮೆಟ್, ನೀನು ಆ ತಿರುವಿನಲ್ಲಿ ನಿಂತು ಗಾಡಿ ನಿಧಾನ ಮಾಡಿಸು. ಅಕ್ಕಾ, ನಿಮ್ಮ ಟವೆಲ್ ಕೊಡಿ. ಬಿದ್ದವರು ನೀವೇ ಆದರೂ ಇದೇ ದಾರಿ, ಒಬ್ಬರ ಕಣ್ಣು ಹಿಡಿದು ಅವರನ್ನೇ ಕರೆಯಿರಿ. ಕಾಡಿನ ರಸ್ತೆಯಲ್ಲಿ ಸಿಗ್ನಲ್ ಸಿಗುವುದಿಲ್ಲ ಅನ್ನುವ ಕಷ್ಟ ನಮ್ಮಲ್ಲಿ ದೊಡ್ಡದು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ. ಅದೂ ಇಲ್ಲದಿದ್ದರೆ ಒಬ್ಬ ಬೈಕಿನವನಿಗೆ ಜಾಗದ ಗುರುತು ಎರಡು ಸಲ ಬಾಯಲ್ಲಿ ಹೇಳಿಸಿ, ಸಿಗ್ನಲ್ ಸಿಗುವ ಕಡೆಗೆ ಓಡಿಸಿ.

ಮುಟ್ಟಲು ಹೆದರಿಕೆಯಾದರೆ ಮುಟ್ಟದೆಯೂ ಮಾಡುವ ಕೆಲಸ ಬೇಕಾದಷ್ಟಿದೆ. ಮುಟ್ಟುವುದಾದರೆ ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ಹೆಲ್ಮೆಟ್ ಎಳೆಯಬೇಡಿ. ಆಂಬುಲೆನ್ಸ್ ಬೇಗ ಬರುವ ಜಾಗವಾದರೆ ಎತ್ತಬೇಡಿ, ಕುತ್ತಿಗೆ ಬೆನ್ನು ಅಲುಗದ ಹಾಗೆ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರೂ ಅದು ದೊಡ್ಡ ಸಹಾಯವೇ. ಎತ್ತಲೇಬೇಕಾಗಿ ಬಂದರೆ ಮೈಯನ್ನು ಹಲಗೆಯ ಹಾಗೆ ನೇರ ಇಟ್ಟುಕೊಂಡು, ನಾಲ್ಕೈದು ಜನ ಒಟ್ಟಿಗೆ. ಆ ಚಾಲಕ ನಿಮಗೆ ಕಾಲು ಹಿಡಿಯಲು ಹೇಳಿ ತಲೆಯ ಕಡೆ ತಾನು ಹೋದ ಅಂತ ಅಂದುಕೊಂಡಿದ್ದೇನೆ, ಹಾಗಿದ್ದರೆ ಅವನಿಗೆ ಈ ಕೆಲಸ ಮೊದಲನೆಯದಲ್ಲ.

ಈಗ ಮನೆಗೆ ಹೋಗುವ ವಿಷಯ. ಹೋಗಿ. ಈ ಭಾನುವಾರವೇ ಹೋಗಿ. ಹಣ್ಣು ಒಯ್ಯಿರಿ, ಕ್ಷಮೆಯ ಭಾಷಣ ಬೇಡ. ಅಲ್ಲಿ ನಿಂತವರಲ್ಲಿ ನಾನೂ ಒಬ್ಬ, ಕೊನೆಗೆ ಕಾಲು ಹಿಡಿದವನೂ ನಾನೇ ಅಂತ ಎರಡನ್ನೂ ಹೇಳಿ. ಎರಡೂ ನಿಜ, ಒಂದನ್ನು ಮುಚ್ಚಿಟ್ಟರೆ ನಿದ್ದೆ ಮತ್ತೆ ಕೈಕೊಡುತ್ತದೆ. ಅವನ ತಾಯಿ ಏನಾದರೂ ಅಂದರೆ ಕೇಳಿಸಿಕೊಳ್ಳಿ, ವಾದ ಮಾಡಬೇಡಿ. ಅವರ ಹತ್ತಿರ ಪಿಕಪ್ ಚಾಲಕನ ನಂಬರ್ ಇದ್ದೇ ಇರುತ್ತದೆ, ಅದನ್ನು ಇಸಿದುಕೊಳ್ಳಿ. ಆಮೇಲೆ ಒಂದು ದಿನ ಅವನನ್ನು ನಿಮ್ಮ ಶಾಲೆಗೆ ಕರೆಸಿ, ಮಕ್ಕಳ ಮುಂದೆ ಕೂರಿಸಿ ಒಂದೇ ಪ್ರಶ್ನೆ ಕೇಳಿ: ಗಾಡಿ ನಿಲ್ಲಿಸಿ ಇಳಿದ ಮೇಲೆ ಮೊದಲು ಏನು ನೋಡಿದೆ, ಯಾರನ್ನು ಕರೆಯಬೇಕು ಅಂತ ಹೇಗೆ ಗೊತ್ತಾಯಿತು? ಅವನು ಏನು ಹೇಳಿದ ಅಂತ ನನಗೂ ಬರೆದು ಕಳಿಸಿ.